ಸೀಲು ಒಡೆಯದ ಸಿನಿಮಾ

ಪ್ರೇಮನಾಥನಿಗೆ ಬೇರೆಯವರ ಸಂಬಳ ಕಂಡು ಹೊಟ್ಟೆ ಉರಿದದ್ದಿಲ್ಲ. ಬೇರೆಯವರ ಕಾರು, ಬೇರೆಯವರು ಊರಿನಲ್ಲಿ ಕಟ್ಟಿಸಿದ ಎರಡು ಮಾಳಿಗೆಯ ಮನೆ, ಕೆನಡಾದ ಅಳಿಯ, ಯಾವುದೂ ಅವನ ನಿದ್ದೆ ಕೆಡಿಸಿದ್ದಿಲ್ಲ. ಮೂಲ್ಕಿಯಿಂದ ಮಸ್ಕತ್ತಿಗೆ ಬಂದು, ಟೈರು ಆಮದು ಮಾಡುವ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೂತು ತಲೆ ನರೆಸಿಕೊಂಡ ಈ ಮನುಷ್ಯನನ್ನು ಅಲ್ಲಿನ ಹಮ್ರಿಯಾ ಬಡಾವಣೆಯ ತುಳುವರೆಲ್ಲ ಸಾಧು ಎಂದೇ ತಿಳಿದಿದ್ದರು. ಅಂಥವನು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸಿನಿಮಾ ಡಬ್ಬಿಗಾಗಿ ಒಳಗೊಳಗೇ ಬೆಂದುಹೋದ. ಹೊಟ್ಟೆಕಿಚ್ಚು ಹತ್ತಿಕೊಳ್ಳಲು ದೊಡ್ಡ ಸೌದೆಯೇನೂ ಬೇಕಾಗಿಲ್ಲ, ತರಗೆಲೆ ಸಾಕು.

ಅವನ ಫ್ಲ್ಯಾಟಿನ ಹಾಲಿನಲ್ಲಿ ಒಂದು ಗೋಡೆಯ ಉದ್ದಕ್ಕೂ ಗಾಜಿನ ಬಾಗಿಲಿನ ಕಪಾಟು. ಅದರ ತುಂಬ ಯುರೋಪಿನ ಸಿನಿಮಾಗಳ ಡಿಸ್ಕುಗಳು. ಹೀರೋ ಇಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. ಒಬ್ಬ ಮುದುಕ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾನೆ, ಆಮೇಲೆ ಕಿಟಕಿ ಮುಚ್ಚುತ್ತಾನೆ, ಅಷ್ಟೇ. ಇಂಥವನ್ನು ಪ್ರೇಮನಾಥ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹರೆಯದಲ್ಲಿ ಮಂಗಳೂರಿನ ಫಿಲ್ಮ್ ಸೊಸೈಟಿಯೊಂದರಲ್ಲಿ ಹತ್ತಿದ ಹುಚ್ಚು ಅದು. ಹೆಂಡತಿ ವಾರಿಜಾಕ್ಷಿ ಒಂದೆರಡು ಸಲ ಪಕ್ಕದಲ್ಲಿ ಕೂತು ನೋಡಿ, "ಇದರಲ್ಲಿ ಎಂತ ಆಗುದೇ ಇಲ್ವಲ್ಲ" ಎಂದಿದ್ದಳು. "ನಿನಗೆ ಅರ್ಥ ಆಗ್ಲಿಕ್ಕಿಲ್ಲ" ಎಂದು ಅವನು ಹೇಳಿದ. ಗಂಡ ಹೆಂಡತಿ ತುಳುವಿನಲ್ಲೇ ಮಾತಾಡುವವರು. ಆ ಮಾತು ತುಳುವಿನಲ್ಲಿ ಇನ್ನೂ ಸ್ವಲ್ಪ ಒರಟಾಗಿಯೇ ಇತ್ತು, ಇಲ್ಲಿ ಕನ್ನಡ ಮಾಡುವಾಗ ಮೆತ್ತಗಾಗಿದೆ. ಅವಳು ಮತ್ತೆ ಬಂದು ಕೂರಲಿಲ್ಲ.

ಕಪಾಟಿನ ನಟ್ಟನಡುವೆ, ಅಕ್ಕಪಕ್ಕ ಯಾವ ಡಬ್ಬಿಯೂ ತಾಗದಂತೆ, ಒಂದೇ ಒಂದು ಡಿಸ್ಕನ್ನು ಮುಖ ಮುಂದೆ ಮಾಡಿ ನಿಲ್ಲಿಸಿದ್ದ. ಹೆಸರು 'ಚಳಿಗಾಲದ ದೋಣಿಮನೆ'. ಲಾಟ್ವಿಯಾ ದೇಶದ್ದು, ಕಪ್ಪು ಬಿಳುಪಿನದು. ಅದರ ನಿರ್ದೇಶಕ ಅದೊಂದೇ ಸಿನಿಮಾ ಮಾಡಿ, ಆಮೇಲೆ ಜೇನು ಸಾಕಿಕೊಂಡು ಹಳ್ಳಿಯಲ್ಲಿ ಉಳಿದುಬಿಟ್ಟನಂತೆ. ಸಿನಿಮಾ ಕಳೆದೇಹೋಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ ಯಾವುದೋ ಚರ್ಚಿನ ನೆಲಮಾಳಿಗೆಯಲ್ಲಿ ರೀಲುಗಳು ಸಿಕ್ಕಿದವು. ಬೆಲ್ಜಿಯಮ್ಮಿನ ಸಣ್ಣದೊಂದು ಕಂಪನಿ ಅದನ್ನು ಶುದ್ಧ ಮಾಡಿಸಿ ಆರುನೂರು ಪ್ರತಿ ಮಾತ್ರ ಹೊರತಂದಿತು. ಗಟ್ಟಿ ರಟ್ಟಿನ ಬೂದು ಡಬ್ಬಿ, ಒಳಗೊಂದು ಪುಟ್ಟ ಪುಸ್ತಕ, ಬೆನ್ನಿನ ಮೇಲೆ ಶಾಯಿಯಲ್ಲಿ ಕೈಯಾರೆ ಬರೆದ ನಂಬರು. ಪ್ರೇಮನಾಥನದು ನಾನೂರ ಹನ್ನೆರಡು. ಅದನ್ನು ಪಡೆಯಲು ಅವನು ಪಟ್ಟ ಪಾಡನ್ನು ಹೇಳಲು ಹೊರಟರೆ ಬೇರೆಯದೇ ಕಥೆಯಾಗುತ್ತದೆ. ಒಮಾನಿನಲ್ಲಿ ಅದು ಇರುವುದು ತನ್ನೊಬ್ಬನ ಹತ್ತಿರ ಎಂಬುದು ಅವನ ಹೆಮ್ಮೆ, ಮತ್ತು ಆ ಹೆಮ್ಮೆಗೆ ಆಧಾರವೂ ಇತ್ತು.

ಆದರೆ ಆ ಸಿನಿಮಾವನ್ನು ಅವನು ನೋಡಿರಲಿಲ್ಲ. ಡಬ್ಬಿಗೆ ಸುತ್ತಿದ ತೆಳು ಪ್ಲಾಸ್ಟಿಕ್ಕಿನ ಸೀಲು ಹಾಗೆಯೇ ಇತ್ತು. ಸೀಲು ಒಡೆದರೆ ಸಂಗ್ರಹ ಮಾಡುವವರ ನಡುವೆ ಅಂಥ ಡಿಸ್ಕಿನ ಮಾನ ಅರ್ಧಕ್ಕಿಳಿಯುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಗಲ್ಫಿನಲ್ಲಿ ದುಡಿಯುವವರ ಮನೆಮನೆಯಲ್ಲೂ ಇರುವಂಥದ್ದು. ಇಲ್ಲಿ ಕೊಂಡ ಒಳ್ಳೆಯ ವಸ್ತುವನ್ನು ಇಲ್ಲಿ ಬಿಚ್ಚುವ ಕ್ರಮವಿಲ್ಲ. ಒಳ್ಳೆಯ ಕಂಬಳಿ, ಗಾಜಿನ ಡಿನ್ನರ್ ಸೆಟ್, ವಿದೇಶಿ ಸೋಪು, ಅತ್ತರು, ಎಲ್ಲವೂ ಮಂಚದ ಕೆಳಗಿನ ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಊರಿಗೆ. ಇಲ್ಲಿ ಬಳಸುವುದು ಹಳೆಯ ಕಂಬಳಿ, ಅಂಚು ಹೋದ ತಟ್ಟೆ. ಬದುಕುವುದು ಅಲ್ಲಿ, ಇಲ್ಲಿ ಇರುವುದು ಮಾತ್ರ. ಪ್ರೇಮನಾಥನೂ ಹಾಗೆಯೇ ಲೆಕ್ಕ ಹಾಕಿದ್ದ: ನಿವೃತ್ತಿಯಾಗಬೇಕು, ಮೂಲ್ಕಿಯಲ್ಲಿ ಮಾಳಿಗೆಯ ಕೋಣೆಗೆ ಕಪ್ಪು ಪರದೆ ಹಾಕಿಸಬೇಕು, ಪ್ರೊಜೆಕ್ಟರ್ ಇಡಬೇಕು, ಆಮೇಲೆ ದೋಣಿಮನೆ ಬಿಚ್ಚಬೇಕು.

ನೋಡದಿದ್ದರೇನು, ಅದರ ಬಗ್ಗೆ ಮಾತಾಡಲು ಅವನಿಗೆ ಅಡ್ಡಿಯಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಅದರ ಮೇಲೆ ಬಂದದ್ದನ್ನೆಲ್ಲ ಓದಿದ್ದ. "ಅದರಲ್ಲಿ ಮಂಜೇ ಒಂದು ಪಾತ್ರ ಮಾರಾಯ್ರೆ" ಎಂದು ಶುರುಮಾಡಿದರೆ ಕೇಳುವವರ ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ನೀವು ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ, ಇವನಾಗಿ ಹೇಳಲೂ ಇಲ್ಲ.

ಹೀಗೆ ನೆಮ್ಮದಿಯಾಗಿದ್ದವನ ಬಾಳಿನಲ್ಲಿ ಚಲುವರಾಜು ಬಂದ. ಮೈಸೂರಿನ ಕಡೆಯವನು, ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಘಟಕದಲ್ಲಿ ಇಂಜಿನಿಯರ್. ಇನ್ನೂ ನಲವತ್ತು ದಾಟಿರಲಿಲ್ಲ. ಹೆಂಡತಿ ಮಾನ್ಯಾಳೊಂದಿಗೆ ಅಲ್ ಖುವೈರಿನಲ್ಲಿ ಮನೆ ಮಾಡಿದ್ದ. ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಪರಿಚಯವಾಗಿ, ಸಿನಿಮಾದ ಮಾತು ಬಂದು, ಶುಕ್ರವಾರಗಳಂದು ಹಮ್ರಿಯಾಕ್ಕೆ ಬರತೊಡಗಿದ. ಮೊದಮೊದಲು ಪ್ರೇಮನಾಥನಿಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷಕ್ಕೆ ಒಬ್ಬ ಶಿಷ್ಯ ಸಿಕ್ಕಿದನಲ್ಲ!

ಶಿಷ್ಯ ಒಂದು ದಿನ ಕಪಾಟಿನ ಮುಂದೆ ನಿಂತು, "ಇದನ್ನ ನೋಡೋಣ್ವಾ ಸಾರ್?" ಎಂದು ದೋಣಿಮನೆಯತ್ತ ಬೆರಳು ಮಾಡಿದ.

"ಅದು ಆಗ್ಲಿಕ್ಕಿಲ್ಲ. ಸೀಲು ಉಂಟು."

"ಸೀಲು ಇರೋದು ಒಡೆಯೋಕೇ ಅಲ್ವಾ ಸಾರ್?"

"ನಿಮಗೆ ಕಲೆಕ್ಷನ್ನಿನ ವಿಷಯ ಗೊತ್ತಿಲ್ಲ ಮಾರಾಯ್ರೆ. ಇದನ್ನು ಊರಿಗೆ ಹೋದ ಮೇಲೆ ನೋಡುದು."

ಅಡುಗೆಮನೆಯಿಂದ ಚಹಾ ತಂದ ವಾರಿಜಾಕ್ಷಿ, "ನನ್ನ ಕುಕ್ಕರ್ ಸೆಟ್ಟೂ ಹಾಗೇ, ಅವರ ಸಿನಿಮಾನೂ ಹಾಗೇ" ಎಂದು ನಕ್ಕಳು. ಚಲುವರಾಜು ಜೋರಾಗಿ ನಕ್ಕ. ಪ್ರೇಮನಾಥನಿಗೆ ನಗು ಬರಲಿಲ್ಲ.

ಎರಡು ತಿಂಗಳಾಗಿರಬೇಕು. ಕಂಪನಿಯ ತರಬೇತಿಗೆಂದು ಚಲುವರಾಜು ಬೆಲ್ಜಿಯಮ್ಮಿಗೆ ಹೋದ. ವಾಪಸು ಬಂದವನು ಚಾಕೊಲೇಟ್ ಡಬ್ಬಿಯ ಜೊತೆಗೆ ಬೂದು ಬಣ್ಣದ ರಟ್ಟಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟ. ಹಳೆಯ ಪುಸ್ತಕ ಮಾರುವ ಅಂಗಡಿಯಲ್ಲಿ ಮಳೆಗೆ ನಿಂತಿದ್ದಾಗ ಕಣ್ಣಿಗೆ ಬಿತ್ತಂತೆ. ಹುಡುಕಿದ್ದೂ ಅಲ್ಲ, ಕಾದದ್ದೂ ಅಲ್ಲ. ಪ್ರೇಮನಾಥ ಕನ್ನಡಕ ಸರಿಮಾಡಿಕೊಂಡು ಬೆನ್ನಿನ ಮೇಲಿನ ನಂಬರು ನೋಡಿದ. ಮೂವತ್ತೆಂಟು.

ಮೂವತ್ತೆಂಟು! ಮೊದಲ ಐವತ್ತು ಪ್ರತಿಗಳು ಕೈಗೆ ಸಿಗುವುದೇ ಇಲ್ಲ, ಅವೆಲ್ಲ ಮ್ಯೂಸಿಯಮ್ಮಿನವರಿಗೆ, ನಿರ್ದೇಶಕನ ಬಂಧುಗಳಿಗೆ ಹೋದವು ಎಂದು ಪ್ರೇಮನಾಥನೇ ಇವನಿಗೆ ಪಾಠ ಹೇಳಿದ್ದ. ತನ್ನ ನಾನೂರ ಹನ್ನೆರಡು ಕಪಾಟಿನೊಳಗೆ ಒಂದೇ ಕ್ಷಣದಲ್ಲಿ ರೇಷನ್ ಅಕ್ಕಿಯಂತಾಯಿತು.

"ಸೀಲು ಎಲ್ಲಿ?" ಎಂದು ಕೇಳಿದ.

"ಫ್ಲೈಟಲ್ಲೇ ಹರಿದು ಹಾಕ್ಬಿಟ್ಟೆ ಸಾರ್, ಹಲ್ಲಲ್ಲಿ ಕಚ್ಚಿ. ಪುಸ್ತಕ ಓದೋ ಆಸೆ."

ಹಲ್ಲಿನಲ್ಲಿ ಕಚ್ಚಿ! ಪ್ರೇಮನಾಥನಿಗೆ ಸಿಟ್ಟೂ ಬಂತು, ಹೊಟ್ಟೆಗೆ ತಣ್ಣೀರು ಬಿದ್ದಂತೆಯೂ ಆಯಿತು. ಒಡೆದದ್ದು ಮೂವತ್ತೆಂಟಾದರೇನು, ಒಂದಾದರೇನು? ಒಡೆಯದ್ದು ತನ್ನದೇ. ಆ ಸಮಾಧಾನದಲ್ಲಿ ಒಂದು ಚಾಕೊಲೇಟ್ ತಿಂದ. ಅದು ಬಾಯಲ್ಲಿ ಕರಗುವ ಮುಂಚೆಯೇ ಚಲುವರಾಜು ಮುಂದಿನ ಮಾತು ಹೇಳಿದ.

"ಬರೋ ಶುಕ್ರವಾರ ನಮ್ಮನೇಲಿ ಎಲ್ರೂ ಸೇರಿ ನೋಡೋಣ ಸಾರ್. ನೀವು ಮೊದಲು ಅದರ ಬಗ್ಗೆ ಎರಡು ಮಾತಾಡಿ. ನಿಮ್ಮಷ್ಟು ತಿಳಿದೋರು ಇಲ್ಲಿ ಯಾರಿದಾರೆ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಪ್ರೇಮನಾಥನನ್ನು ಇನ್ನಷ್ಟು ಸುಟ್ಟಿತು. ಕೊಂಕು ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಬೇರೆಯವರ ಮನೆಯ ಸೋಫಾದಲ್ಲಿ, ಬೇರೆಯವರ ಡಿಸ್ಕಿನಲ್ಲಿ, ಹತ್ತು ಜನರ ನಡುವೆ ಮಿಕ್ಸ್ಚರ್ ತಿನ್ನುತ್ತ ದೋಣಿಮನೆ ನೋಡುವುದೇ? ಅದಕ್ಕಿಂತ ನೋಡದೆ ಸಾಯುವುದು ಲೇಸು.

"ಶುಕ್ರವಾರ ಆಗುದಿಲ್ಲ. ಇಬ್ರಾಕ್ಕೆ ಹೋಗ್ಲಿಕ್ಕುಂಟು. ಬ್ರಾಂಚಿನ ಸ್ಟಾಕ್ ನೋಡ್ಲಿಕ್ಕೆ" ಎಂದುಬಿಟ್ಟ.

ಚಲುವರಾಜು ಹೋದ ಮೇಲೆ ವಾರಿಜಾಕ್ಷಿ ಕೇಳಿದಳು: "ಶುಕ್ರವಾರ ಬ್ರಾಂಚ್ ಬಂದ್ ಅಲ್ವಾ?"

"ಅರ್ಜೆಂಟ್ ಉಂಟು."

ಹೇಳಿದ ಮೇಲೆ ಹೋಗದೆ ಗತಿಯಿಲ್ಲ. ಶುಕ್ರವಾರ ಬೆಳಿಗ್ಗೆ ಕಾರು ತೆಗೆದು, ಗುಡ್ಡಗಳ ನಡುವಿನ ಆ ಉದ್ದ ದಾರಿಯಲ್ಲಿ ಇಬ್ರಾ ಪಟ್ಟಣದವರೆಗೆ ಓಡಿಸಿಕೊಂಡು ಹೋದ. ಒಂದು ಸುಳ್ಳಿಗೆ ಇಷ್ಟು ಪೆಟ್ರೋಲ್ ಸುರಿದವನು ಒಮಾನಿನಲ್ಲಿ ಬೇರೊಬ್ಬನಿರಲಿಕ್ಕಿಲ್ಲ. ಜುಮ್ಮಾ ನಮಾಜಿನ ಹೊತ್ತು, ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ತನ್ನ ಕಂಪನಿಯ ಬ್ರಾಂಚಿನ ಮುಂದೆ ಕಾರು ನಿಲ್ಲಿಸಿ, ಮುಚ್ಚಿದ ಶಟರನ್ನು ಸ್ವಲ್ಪ ಹೊತ್ತು ನೋಡಿದ. ಪ್ರಾರ್ಥನೆ ಮುಗಿದು ಮಲಯಾಳಿಯೊಬ್ಬನ ಕೆಫೆಟೇರಿಯಾ ತೆರೆದ ಮೇಲೆ ಒಳಗೆ ಹೋಗಿ ಪರೋಟ ತಿಂದ, ಕರಕ್ ಚಹಾ ಕುಡಿದ. ಈಗ ಅಲ್ಲಿ ಪರದೆ ಮೇಲೆ ಮಂಜು ಬರುತ್ತಿರಬಹುದು ಎಂದುಕೊಂಡ. ಇನ್ನೊಂದು ಚಹಾ ಹೇಳಿದ. ಹೊರಗೆ ಸುಡುವ ಬಿಸಿಲು, ಒಳಗೆ ಅದಕ್ಕಿಂತ ದೊಡ್ಡ ಕೆಂಡ.

ಸಂಜೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಬೀಗ ತೆಗೆದು ಕೂತ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಚಲುವರಾಜುವಿನ ಕಾರು ನಿಂತ ಸದ್ದು, ಆಮೇಲೆ ವಾರಿಜಾಕ್ಷಿ ಮೆಟ್ಟಿಲು ಹತ್ತಿ ಬಂದಳು.

"ಎಲ್ಲಿಗೆ ಹೋದದ್ದು?"

"ಮಾನ್ಯಾ ಬಂದು ಕರ್ಕೊಂಡು ಹೋದಳು. ಒಬ್ಬಳೇ ಮನೆಯಲ್ಲಿ ಎಂತ ಮಾಡುದು? ಸಿನಿಮಾ ನೋಡಿದೆ."

"ಹೇಗಿತ್ತು?"

"ಒಳ್ಳೆದಿತ್ತು" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಅವಳ ಕಣ್ಣು ಕೆಂಪಾಗಿದ್ದುದನ್ನು ಪ್ರೇಮನಾಥ ನೋಡಿದ. ಎ.ಸಿ.ಯ ಗಾಳಿಗಿರಬೇಕು ಎಂದುಕೊಂಡ. ಒಳ್ಳೆದಿತ್ತಂತೆ! ಇಡೀ ಯುರೋಪು ತಲೆದೂಗಿದ ಸಿನಿಮಾಕ್ಕೆ ಇವಳದೊಂದು 'ಒಳ್ಳೆದಿತ್ತು', ಬಸಳೆ ಸಾರಿಗೆ ಹೇಳುವ ಹಾಗೆ. ಆ ರಾತ್ರಿ ಅವನು ಚೆನ್ನಾಗಿಯೇ ನಿದ್ದೆ ಮಾಡಿದ.

ನಿದ್ದೆ ಕೆಟ್ಟದ್ದು ಮರುವಾರ. ರೂವಿಯ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಾಗ ಹಿಂದಿನಿಂದ ಚಲುವರಾಜು ಬಂದು ಹೆಗಲು ಮುಟ್ಟಿದ.

"ಸಾರ್, ನೀವಿರ್ಬೇಕಿತ್ತು ಅವತ್ತು. ಅಕ್ಕ ಹಂಗೆ ಅತ್ತುಬಿಡ್ತಾರೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ."

ಪ್ರೇಮನಾಥನ ಕೈಯಲ್ಲಿದ್ದ ಬೆಂಡೆಕಾಯಿ ಕೈಯಲ್ಲೇ ಉಳಿಯಿತು.

"ಅತ್ತಿದ್ದು ಮಾತ್ರ ಅಲ್ಲ ಸಾರ್, ಸಿನಿಮಾ ಮುಗಿದ ಮೇಲೆ ಎಷ್ಟು ಚೆನ್ನಾಗಿ ಮಾತಾಡಿದ್ರು! ಊರಲ್ಲಿ ಮಗಳನ್ನ ಓದಿಸ್ಕೊಂಡು ಒಬ್ರೇ ಇದ್ದ ಕಾಲದ್ದೆಲ್ಲ ಹೇಳಿದ್ರು. ಮಾನ್ಯಾ ಅಂತೂ ಎರಡು ದಿನ ಅದನ್ನೇ ಹೇಳ್ತಿದ್ಲು. ನಿಮ್ಗೆ ಹೇಳಿರ್ಬೇಕಲ್ಲ ಅಕ್ಕ?"

"ಹ್ಞಾಂ, ಹೌದು. ಹೇಳಿದ್ಳು. ಎಲ್ಲ ಹೇಳಿದ್ಳು" ಎಂದ ಪ್ರೇಮನಾಥ. ಹೇಳಿದ್ದಾಳೆ ಎಂದ ಮೇಲೆ ಏನು ಹೇಳಿದಳು ಎಂದು ಕೇಳುವಂತಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ.

ಅಂದಿನಿಂದ ಅವನಿಗೆ ಹಿಡಿದ ಹೊಟ್ಟೆಕಿಚ್ಚು ಡಬ್ಬಿಯದಲ್ಲ, ನಂಬರಿನದೂ ಅಲ್ಲ. ಮಗಳು ಅಕ್ಷಯಾಳ ಓದಿಗಾಗಿ ವಾರಿಜಾಕ್ಷಿ ಹನ್ನೆರಡು ವರ್ಷ ಮೂಲ್ಕಿಯಲ್ಲಿ ಇದ್ದಳು, ಇವನು ಇಲ್ಲಿ. ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಹೋಗಿಬರುತ್ತಿದ್ದ. ಮಗಳಿಗೆ ಪುಣೆಯಲ್ಲಿ ಕೆಲಸವಾದ ಮೇಲಷ್ಟೇ ಅವಳು ಮಸ್ಕತ್ತಿಗೆ ಬಂದದ್ದು. ಆ ವರ್ಷಗಳ ಬಗ್ಗೆ ಅವಳು ಒಂದು ದಿನವೂ ಬಾಯಿಬಿಟ್ಟವಳಲ್ಲ. ಇವನು ಕೇಳಿದವನೂ ಅಲ್ಲ. ಕಷ್ಟವಾಗಿರಬೇಕು, ನನ್ನನ್ನು ನೆನೆದು ಅತ್ತಿರಬೇಕು ಎಂದು ತಾನಾಗಿಯೇ ತಿಳಿದುಕೊಂಡು, ಆ ತಿಳಿವಳಿಕೆಯನ್ನು ಬೆಚ್ಚಗೆ ಇಟ್ಟುಕೊಂಡಿದ್ದ. ಈಗ ಅವಳು ಅತ್ತದ್ದು ಚಲುವರಾಜುವಿನ ಸೋಫಾದ ಮೇಲೆ! ನಿನ್ನೆ ಮೊನ್ನೆ ಬಂದವನು, 'ಅಕ್ಕ' ಎಂದು ಕರೆದು ಕೂರಿಸಿ, ನನಗೆ ಸಲ್ಲಬೇಕಾದ ಕಣ್ಣೀರನ್ನು ನೋಡಿಬಿಟ್ಟ. ನನ್ನ ಹೆಂಡತಿ ನನಗಾಗಿ ಕಾದ ಕಥೆ ಅಲ್ ಖುವೈರಿನ ಹತ್ತು ಜನಕ್ಕೆ ಗೊತ್ತು, ನನಗೆ ಗೊತ್ತಿಲ್ಲ. ಇದನ್ನು ನೆನೆದಾಗಲೆಲ್ಲ ಅವನ ಎದೆಯೊಳಗೆ ಯಾರೋ ಹಸಿಮೆಣಸು ಅರೆದಂತಾಗುತ್ತಿತ್ತು.

ಮನೆಯಲ್ಲಿ ಅವಳನ್ನು ಓರೆಗಣ್ಣಿನಿಂದ ನೋಡತೊಡಗಿದ. ಅವಳು ಎಂದಿನಂತೆ ಕೋರಿ ರೊಟ್ಟಿ ಮಾಡಿದಳು, ಎಂದಿನಂತೆ ಧಾರಾವಾಹಿ ನೋಡಿದಳು, ಪುಣೆಗೆ ಫೋನ್ ಮಾಡಿ ಮಗಳ ಹತ್ತಿರ ಮಾತಾಡಿದಳು. ಬಾಯಿ ತೆರೆದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಸಿನಿಮಾದ ವಿಷಯದಲ್ಲಿ ತಾನು ಅವಳ ಹತ್ತಿರ ಕೇಳುವುದೇ? ನಿನಗೆ ಅರ್ಥವಾಗುವುದಿಲ್ಲ ಎಂದು ತಾನೇ ಹೇಳಿದವಳ ಹತ್ತಿರ? ಬೇಡ. ತಾನೇ ನೋಡುತ್ತೇನೆ. ಅವಳ ಪಕ್ಕದಲ್ಲೇ ಕೂತು ನೋಡುತ್ತೇನೆ. ಅವಳು ಇನ್ನೊಮ್ಮೆ ಅಳುತ್ತಾಳೆ, ಈ ಸಲ ಎಲ್ಲಿ ಅಳಬೇಕೋ ಅಲ್ಲಿ, ನನ್ನ ಪಕ್ಕದಲ್ಲಿ. ಹೀಗೆ ಯೋಚಿಸಿದ ಮೇಲೆ ಅವನಿಗೆ ನಾನೂರ ಹನ್ನೆರಡರ ಮೇಲಿನ ಮೋಹವೂ ಬಿಟ್ಟುಹೋಯಿತು.

ಶುಕ್ರವಾರ ಊಟ ಮುಗಿಸಿ ಕಿಟಕಿಯ ಪರದೆ ಎಳೆದ. ಕಪಾಟಿನಿಂದ ಡಬ್ಬಿ ತೆಗೆದು, ಬ್ಲೇಡಿನಿಂದ ಪ್ಲಾಸ್ಟಿಕ್ಕಿನ ಅಂಚನ್ನು ಕೊಯ್ದ. ಸೀಲು ಕಳಚಿದಾಗ ಅಂಗಿ ಇಲ್ಲದವನನ್ನು ನೋಡಿದಂತೆ ಒಂದು ಕ್ಷಣ ಡಬ್ಬಿಯಿಂದ ಕಣ್ಣು ತೆಗೆದ. ಆಮೇಲೆ ಡಿಸ್ಕನ್ನು ಪ್ಲೇಯರಿಗೆ ಹಾಕಿ ಕೂಗಿದ.

"ವಾರಿಜಾ, ಬಾ ಇಲ್ಲಿ. ಕೂತ್ಕೊ. ನಿನಗೋಸ್ಕರ ಸೀಲು ಒಡ್ದೆ ನೋಡು."

ವಾರಿಜಾಕ್ಷಿ ಬಂದು ಬಾಗಿಲಲ್ಲಿ ನಿಂತಳು. ಸೀರೆ ಉಟ್ಟು ಹೊರಡಲು ತಯಾರಾಗಿದ್ದಳು.

"ನಾನು ನೋಡಿ ಆಯ್ತಲ್ಲ. ದಾರ್ಸೈತಿನ ದೇವಸ್ಥಾನದಲ್ಲಿ ಭಜನೆ ಉಂಟು, ಮಾನ್ಯಾ ಕೆಳಗೆ ಬಂದಾಯ್ತು."

"ಇನ್ನೊಮ್ಮೆ ನೋಡು. ನಾನು ಅರ್ಥ ಹೇಳ್ತೇನೆ."

"ಬೇಡ. ಒಮ್ಮೆ ನೋಡಿದ್ದು ಸಾಕು ನನಗೆ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಹೊಟ್ಟೆ ತುಂಬಿದವರು ಇನ್ನೊಂದು ಸೌಟು ಬೇಡ ಎನ್ನುವ ಹಾಗೆ ಹೇಳಿದಳು. ಬಾಗಿಲು ಮುಚ್ಚಿದ ಸದ್ದಾಯಿತು.

ಇಷ್ಟು ವರ್ಷ ಕಾದ ಸಿನಿಮಾವನ್ನು ಪ್ರೇಮನಾಥ ಕೊನೆಗೂ ನೋಡಿದ. ನೋಡಿದ ಎಂದರೆ ತಪ್ಪಾದೀತು. ಕಳವು ಮಾಲು ಹುಡುಕುವ ಪೊಲೀಸನಂತೆ ತಡಕಾಡಿದ. ನದಿ ಸಮುದ್ರಕ್ಕೆ ಸೇರುವಲ್ಲಿ ಒಂದು ಮರದ ಮನೆ. ಅಲ್ಲೊಬ್ಬ ಹೆಂಗಸು. ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ಮಂಜು ಇಳಿಯುತ್ತದೆ, ನೀರು ಹೆಪ್ಪುಗಟ್ಟುತ್ತದೆ, ಹೆಂಗಸು ದೋಣಿಗೆ ಡಾಂಬರು ಬಳಿಯುತ್ತಾಳೆ, ದಿನವೂ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಲೆ ಹೆಣೆಯುತ್ತಾಳೆ. ಎರಡನೆಯ ತಟ್ಟೆ ಬಂದಾಗ, ಇಲ್ಲೇ ಅತ್ತಿರಬೇಕು ಎಂದುಕೊಂಡ ಪ್ರೇಮನಾಥ. ಪೋಸ್ಟ್‌ಮ್ಯಾನ್ ಏನೂ ಕೊಡದೆ ಮುಂದಕ್ಕೆ ಹೋದಾಗ, ಅಲ್ಲ, ಇಲ್ಲಿ ಎಂದುಕೊಂಡ. ಅವಳು ಬಾವಿಯ ಹತ್ತಿರ ಜಾರಿ ಬಿದ್ದು, ಎಬ್ಬಿಸುವವರಿಲ್ಲದೆ ಹಿಮದ ಮೇಲೆಯೇ ಮಲಗಿ ಆಕಾಶ ನೋಡಿದಾಗ, ಖಂಡಿತ ಇಲ್ಲೇ ಎಂದುಕೊಂಡ. ಮಂಜನ್ನು ಅವನು ಗಮನಿಸಲೇ ಇಲ್ಲ. ಕೊನೆಗೆ ಹಿಮ ಕರಗಿತು, ದೂರದಲ್ಲಿ ದೋಣಿ ಕಂಡಿತು, ಗಂಡ ದಡಕ್ಕೆ ಕಾಲಿಟ್ಟ. ಅಂತೂ ಬಂದನಲ್ಲ, ಇನ್ನು ಅಳುವವರು ಯಾರು ಎಂದು ಪ್ರೇಮನಾಥ ಎದ್ದು ಚಹಾ ಮಾಡಲು ಹೋದ. ಲೋಟ ಹಿಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು.

ಅವಳು ಎಲ್ಲಿ ಅತ್ತಳು ಎಂಬುದು ಗೊತ್ತಾಗಲಿಲ್ಲ. ಮೂರು ಕಡೆ ಅನುಮಾನ, ಮೂರೂ ತನ್ನ ಅನುಮಾನ. ಗೊತ್ತಿರುವವನು ಒಬ್ಬನಿದ್ದ. ಪ್ರೇಮನಾಥ ಫೋನ್ ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಹೊಟ್ಟೆಕಿಚ್ಚು ಮನುಷ್ಯನನ್ನು ಎಂಥೆಂಥ ಬಾಗಿಲಿಗೆ ಕರೆದೊಯ್ಯುತ್ತದೆ ಎಂದರೆ, ಯಾರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತೋ ಅವನಿಗೇ ಅವನು ಫೋನ್ ಮಾಡಿದ.

"ಚಲುವರಾಜು ಅವರೆ, ಒಂದು ವಿಷಯ ಕೇಳ್ಲಿಕ್ಕಿತ್ತು. ಈ ದೋಣಿಮನೆ, ಈಗ ನೋಡಿದೆ ನಾನು."

"ಸೀಲು ಒಡೆದ್ರಾ ಸಾರ್!" ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಹೆಂಗಿದೆ? ಮಂಜೇ ಒಂದು ಪಾತ್ರ ಅಂತ ನೀವು ಹೇಳ್ತಿದ್ದದ್ದು ನಿಜ ಸಾರ್."

"ಅದು ಇರ್ಲಿ. ನಮ್ಮ ವಾರಿಜ ಅತ್ತದ್ದು ಯಾವ ಜಾಗೆಯಲ್ಲಿ?"

"ಅಕ್ಕ ಎಲ್ಲಾ ಹೇಳಿದ್ರು ಅಂದ್ರಲ್ಲ ಸಾರ್?"

"ಹೇಳ್ಲಿಲ್ಲ" ಎಂದ ಪ್ರೇಮನಾಥ. ಆ ಒಂದು ಮಾತಿಗೆ ಅವನ ಕಿವಿ ಬಿಸಿಯಾಯಿತು.

"ನಾವೆಲ್ಲ ಆ ತಟ್ಟೆ ಇಡ್ತಾಳಲ್ಲ, ಅಲ್ಲಿ ಅತ್ವಿ. ಮಾನ್ಯಾ ಬಾವಿ ಹತ್ರ. ಆಗೆಲ್ಲ ಅಕ್ಕ ಸುಮ್ನೆ ನೋಡ್ತಿದ್ರು ಸಾರ್, ಇದೆಲ್ಲ ಇದ್ದಿದ್ದೇ ಅನ್ನೋ ಥರ. ಅತ್ತಿದ್ದು ಗಂಡ ವಾಪಸ್ ಬಂದಾಗ."

"ಬಂದಾಗಲಾ? ಖುಷಿಗಾ?"

"ನೀವು ಆ ಸೀನ್ ನೋಡಿದ್ರಲ್ಲ ಸಾರ್" ಎಂದಷ್ಟೇ ಹೇಳಿದ ಚಲುವರಾಜು, ಹಿರಿಯರನ್ನು ನೋಯಿಸಬಾರದೆಂಬ ಮರ್ಯಾದೆಯಿಂದ.

ಪ್ರೇಮನಾಥ ಫೋನ್ ಇಟ್ಟು, ಸಿನಿಮಾವನ್ನು ಹಿಂದಕ್ಕೆ ಓಡಿಸಿದ. ದೋಣಿ ದಡಕ್ಕೆ ಬಂತು. ಗಂಡ ಬಾಗಿಲು ತಟ್ಟದೆ ಒಳಗೆ ಬಂದ. ಗೋಡೆಯ ಮೊಳೆಯಲ್ಲಿ ಹೆಂಗಸಿನ ಶಾಲು ತೂಗುತ್ತಿತ್ತು. ಅದನ್ನು ತೆಗೆದು ಬೆಂಚಿನ ಮೇಲೆ ಎಸೆದು ತನ್ನ ಕೋಟು ನೇತುಹಾಕಿದ. ಕಿಟಕಿಯ ಪಕ್ಕದ ಕುರ್ಚಿಯಿಂದ ಅರ್ಧ ಹೆಣೆದ ಬಲೆಯನ್ನು ಎತ್ತಿ ನೆಲಕ್ಕಿಟ್ಟು, ಅಲ್ಲಿ ಕೂತು ಕಾಲು ಚಾಚಿದ. ದೋಣಿಗೆ ಡಾಂಬರು ಬಳಿದದ್ದು ಸರಿಯಾಗಿಲ್ಲ ಎಂದ. ಕೆಟ್ಟವನಲ್ಲ, ದಣಿದು ಬಂದವನು, ನಗುತ್ತಲೇ ಹೇಳಿದ. ಹೆಂಗಸು ರೊಟ್ಟಿ ತಂದಿಟ್ಟಳು. ಆಮೇಲೆ ಅವಳು ಕೋಣೆಯ ನಡುವೆ ನಿಂತಳು. ಒಂದು ಹೆಜ್ಜೆ ಅತ್ತ ಹೋದಳು, ಒಂದು ಹೆಜ್ಜೆ ಇತ್ತ ಬಂದಳು. ಇಡೀ ಚಳಿಗಾಲ ಒಬ್ಬಳೇ ಕಾಪಾಡಿದ ಮನೆಯೊಳಗೆ ಅವಳಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಸಿನಿಮಾ ಅಲ್ಲಿಗೆ ಮುಗಿಯಿತು.

ಪ್ರೇಮನಾಥನಿಗೆ ಮೂಲ್ಕಿಯ ಮನೆ ನೆನಪಾಯಿತು. ರಜೆಯಲ್ಲಿ ಹೋದಾಗ ತಾನು ಮಲಗುವ ಕೋಣೆಯಿಂದ ಮಗಳ ಮೇಜು, ಹೊಲಿಗೆ ಮಿಷನ್ನು ಹೊರಗೆ ಹೋಗುತ್ತಿದ್ದದ್ದು. ಬಂದ ಮರುದಿನವೇ ಹಾಲಿನವನ ಲೆಕ್ಕ, ನೀರಿನ ಪಂಪು, ಅಂಗಳದ ಹುಲ್ಲು, ಎಲ್ಲದರಲ್ಲೂ ತಾನು ತಪ್ಪು ಹುಡುಕುತ್ತಿದ್ದದ್ದು, ಅದೂ ನಗುನಗುತ್ತಲೇ. ಅವಳು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದಳು. ಆ ತಿಂಗಳಿಡೀ ಅವಳು ಎಲ್ಲಿ ಕೂರುತ್ತಿದ್ದಳು? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ನನಗಾಗಿ ಕಾದು ಅತ್ತಳು ಎಂದು ಇಷ್ಟು ದಿನ ಚಲುವರಾಜುವಿನ ಮೇಲೆ ಉರಿದದ್ದೆಲ್ಲ ಈಗ ಹಿಡಿಯಲು ಯಾರೂ ಇಲ್ಲದೆ ಅವನ ಮೈಗೇ ತಿರುಗಿಕೊಂಡಿತು.

ಹೊರಗೆ ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಮುಗಿಯುವ ಹೊತ್ತಿಗೆ ವಾರಿಜಾಕ್ಷಿ ಬಂದಳು. ಕೈಯಲ್ಲಿ ಪ್ರಸಾದದ ಪೊಟ್ಟಣ. ಪರದೆ ಸರಿಸಿ ದೀಪ ಹಾಕಿದಳು. ಗಂಡ ಲೋಟದಲ್ಲಿ ಆರಿದ ಚಹಾ ಇಟ್ಟುಕೊಂಡು ಖಾಲಿ ಟೀವಿಯ ಮುಂದೆ ಕೂತಿದ್ದ.

"ಎಂತ, ಸಿನಿಮಾ ಮುಗೀತಾ?"

"ಮುಗೀತು." ಲೋಟ ಪಕ್ಕಕ್ಕಿಟ್ಟು ಹೇಳಿದ: "ಆ ಗಂಡ ಬಂದಾಗ ಅತ್ತದ್ದಂತೆ ನೀನು."

ಪೊಟ್ಟಣ ಬಿಚ್ಚುತ್ತಿದ್ದ ಅವಳ ಕೈ ನಿಂತಿತು.

"ಯಾರು ಹೇಳಿದ್ದು?"

"ಚಲುವರಾಜು. ಫೋನ್ ಮಾಡಿ ಕೇಳಿದೆ."

ವಾರಿಜಾಕ್ಷಿ ಅವನ ಮುಖವನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಅವರನ್ನು ಕೇಳಿದ್ರಾ?" ಎಂದಳು. "ನನ್ನನ್ನು ಕೇಳ್ಬಹುದಿತ್ತು."

ಆಮೇಲೆ ಪ್ರಸಾದವನ್ನು ಅವನ ಅಂಗೈಗೆ ಹಾಕಿ, ಕುಕ್ಕರಿಗೆ ಅಕ್ಕಿ ಇಡಲು ಒಳಗೆ ಹೋದಳು.